ಅಮೆರಿಕದ ಕಾರು ಕಂಪನಿ ಜನರಲ್ ಮೋಟಾರ್ಸ್ (ಜಿಎಂ) ಸರ್ಕಾರದಿಂದ ಪಡೆದ ಸಾಲವನ್ನು 2010ರಲ್ಲೇ ಪೂರ್ತಿ ತೀರಿಸಿತು ಅಂತಾರೆ. ಹಾಗಿದ್ದರೆ ಅಮೆರಿಕ ಸರ್ಕಾರಕ್ಕೆ ನಷ್ಟ ಆಗಿದ್ದು ಹೇಗೆ?

ತೀರಿಸಿದ್ದು ನಿಜ, ಆದರೆ ಸಾಲ ಎಂದು ಲೆಕ್ಕಕ್ಕೆ ಹಿಡಿದಿದ್ದೇ ಸಣ್ಣ ಪಾಲು. ಮುಳುಗದಂತೆ ಉಳಿಸಲೆಂದು ಅಮೆರಿಕ ಸರ್ಕಾರ ಜನರಲ್ ಮೋಟಾರ್ಸ್‌ಗೆ ಹಾಕಿದ್ದು ಸುಮಾರು 4,950 ಕೋಟಿ ಡಾಲರ್. 2009ರ ಜೂನ್ 1ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಒಳ್ಳೆಯ ಆಸ್ತಿಗಳನ್ನೆಲ್ಲ ಹೊಸ ಕಂಪನಿಯೊಂದು ಕೊಂಡುಕೊಂಡಿತು. ಹಳೆಯ ಷೇರುದಾರರಿಗೆ ಏನೂ ಉಳಿಯಲಿಲ್ಲ. ಹೊಸ ಕಂಪನಿಯ ತಲೆಗೆ ಅಷ್ಟೂ ಸಾಲ ಕಟ್ಟಿದ್ದರೆ ಬಡ್ಡಿಯ ಹೊರೆಗೇ ಅದು ಮತ್ತೆ ಕುಸಿಯುತ್ತಿತ್ತು. ಹಾಗಾಗಿ ಸುಮಾರು 670 ಕೋಟಿ ಡಾಲರನ್ನಷ್ಟೇ ಸಾಲವಾಗಿ ಉಳಿಸಿ, ಮಿಕ್ಕಿದ್ದರಲ್ಲಿ ಬಹುಪಾಲನ್ನು ಷೇರಾಗಿ ಪರಿವರ್ತಿಸಿದರು. ಸರ್ಕಾರಕ್ಕೆ ಸಿಕ್ಕಿದ್ದು 60.8% ಪಾಲು.

2010ರ ಏಪ್ರಿಲ್‌ನಲ್ಲಿ ತೀರಿದ್ದು ಆ 670 ಕೋಟಿ ಮಾತ್ರ. ಅದೂ ಕಾರು ಮಾರಿ ಗಳಿಸಿದ ಲಾಭದಿಂದಲ್ಲ. ಸರ್ಕಾರವೇ ಕೊಟ್ಟು ಎಸ್ಕ್ರೋ ಖಾತೆಯಲ್ಲಿ (ಷರತ್ತಿನ ಮೇಲಷ್ಟೇ ಹಣ ತೆಗೆಯಬಹುದಾದ ಖಾತೆ) ಇಟ್ಟಿದ್ದ ಹಣದಿಂದ. ಸಾಲ ತೀರಿಸಿದೆವು ಎಂದು ಜಿಎಂ ಕೊಟ್ಟ ಜಾಹೀರಾತಿನಲ್ಲಿ ಈ ಭಾಗ ಬರಲಿಲ್ಲ, ಬಿಡಿ.

ನಷ್ಟವಾಗಿದ್ದು ಷೇರಿನಲ್ಲಿ. 2010ರ ನವೆಂಬರ್‌ನ ಐಪಿಒದಲ್ಲಿ (ಹೊಸ ಕಂಪನಿಯ ಷೇರುಗಳನ್ನು ಮೊದಲ ಬಾರಿ ಸಾರ್ವಜನಿಕರಿಗೆ ಮಾರಿದಾಗ) ದರ 33 ಡಾಲರ್. ಅದರಲ್ಲಿ ಸರ್ಕಾರ ಸುಮಾರು 41 ಕೋಟಿ ಷೇರು ಮಾರಿದ ಮೇಲೆ ಉಳಿದದ್ದು ಸುಮಾರು 50 ಕೋಟಿ. ಅಸಲು ಕೈಸೇರಲು ಅವು ಸರಾಸರಿ 53 ಡಾಲರ್‌ಗೆ ಹೋಗಬೇಕಿತ್ತು. ಸರ್ಕಾರ ಮಾರಿ ಮುಗಿಸುವವರೆಗೂ ಬೆಲೆ ಅಲ್ಲಿಗೆ ಏರಲೇ ಇಲ್ಲ. 2012ರ ಡಿಸೆಂಬರ್‌ನಲ್ಲಿ ಜಿಎಂ 20 ಕೋಟಿ ಷೇರುಗಳನ್ನು 27.50ರಂತೆ ಮರಳಿ ಕೊಂಡಿತು. ಕಾಯಬಹುದಿತ್ತು ಎನ್ನುವವರಿದ್ದಾರೆ, ಆದರೆ ಸರ್ಕಾರವೇ ಕಾರು ಕಂಪನಿಯ ಮಾಲೀಕನಾಗಿ ಕೂರುವುದೂ ಒಂದು ಅಪಾಯವೇ. 2013ರ ಡಿಸೆಂಬರ್‌ನಲ್ಲಿ ಕೊನೆಯ ಷೇರು ಮಾರಿದಾಗ ಸುಮಾರು 3,900 ಕೋಟಿ ವಾಪಸಾಗಿತ್ತು. ನಷ್ಟ 1,000 ಕೋಟಿ ಡಾಲರ್‌ಗೂ ಹೆಚ್ಚು.