ಹೊಡೆದವರು ಖುಲಾಸೆಯಾದರು, ನಾವೇ ಅಪೀಲು ಹೋಗಬಹುದಾ?

ಜಗಳೂರು ಕಡೆ ಬದುವಿನ ಜಗಳದಲ್ಲಿ ನಿಮ್ಮಣ್ಣನಿಗೆ ಹೊಡೆದವರನ್ನು ಜೆಎಂಎಫ್‌ಸಿ (ಮೊದಲ ಹಂತದ ಮ್ಯಾಜಿಸ್ಟ್ರೇಟ್) ಕೋರ್ಟು ಬಿಟ್ಟಿದೆ. ಸರ್ಕಾರಿ ವಕೀಲರು ಅಪೀಲಿಗೆ ಮನಸ್ಸು ಮಾಡುತ್ತಿಲ್ಲ. ನಾವೇ ಹೋಗಬಹುದಾ ಅಂತ ಕೇಳಿದ್ದೀರಿ.

ಹೋಗಬಹುದು. ನಾನು ವಕೀಲನಲ್ಲ. ಹೊಳಲ್ಕೆರೆ ಕಡೆಯವನು, ಅಪ್ಪನಿಗೆ ಹೊಡೆದ ಕೇಸಿಗೆ ಚಿತ್ರದುರ್ಗದ ಕೋರ್ಟಿನ ಮೆಟ್ಟಿಲು ಸವೆಸಿದವನು. ನಮ್ಮ ಮೊದಲ ತಪ್ಪು, ಸರ್ಕಾರವೇ ಅಪೀಲು ಹಾಕುತ್ತದೆ ಅಂತ ಕಾದು ಕೂತಿದ್ದು. ನಾಲ್ಕು ತಿಂಗಳು ಸುಮ್ನೆ ಹೋಯಿತು. ಸರ್ಕಾರದ ಅಪೀಲು ಅಂದರೆ ಫೈಲು ಮೇಲಕ್ಕೆ ಹೋಗಬೇಕು, ಮೇಲಿನವರು ಹೂಂ ಅನ್ನಬೇಕು. ಏಟು ತಿಂದವನು ಅದಕ್ಕೆ ಕಾಯಬೇಕಾಗಿಲ್ಲ. 2009ರ ಡಿಸೆಂಬರ್ 31ರಿಂದ ಅವನಿಗೇ ಅಪೀಲಿನ ಹಕ್ಕಿದೆ. ಕ್ರಿಮಿನಲ್ ಕೇಸು ನಡೆಸುವ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಅದು 372ನೇ ಸೆಕ್ಷನ್, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 413.

ಶಿಕ್ಷೆಯಾಗಿದ್ದರೆ ಆರೋಪಿ ಯಾವ ಕೋರ್ಟಿಗೆ ಅಪೀಲು ಹೋಗುತ್ತಿದ್ದನೋ, ನೀವೂ ಅಲ್ಲಿಗೇ ಹೋಗಬೇಕು. ನಿಮ್ಮದು ಜೆಎಂಎಫ್‌ಸಿ ತೀರ್ಪು, ಹಾಗಾಗಿ ದಾವಣಗೆರೆ ಸೆಷನ್ಸ್ ಕೋರ್ಟು. ಕೊಲೆಯತ್ನದ ಕೇಸು ಸೆಷನ್ಸಿನಲ್ಲೇ ನಡೆದು ಬಿದ್ದಿದ್ದರೆ ಹೈಕೋರ್ಟು, ಅದೂ ಬೆಂಗಳೂರು. (ಹೊಳೆ ದಾಟಿದರೆ ಹಾವೇರಿಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ನಮಗೆ ಮಾತ್ರ ಬೆಂಗಳೂರು!) ಹಾಗೆ ಹೈಕೋರ್ಟಿಗೆ ಹೋಗಲು ಮೊದಲು ಅನುಮತಿ ಕೇಳಬೇಕಾ ಅನ್ನೋ ಗೊಂದಲವಿತ್ತು. ಬೇಕಿಲ್ಲ ಅಂತ 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಹೇಳಿತು, ಅದೂ ಕರ್ನಾಟಕದ್ದೇ ಕೇಸಿನಲ್ಲಿ. ಇದೆಲ್ಲ ಪೊಲೀಸ್ ಚಾರ್ಜ್‌ಶೀಟಿನ ಕೇಸಿನ ಮಾತು. ನೇರ ಕೋರ್ಟಿಗೇ ಕೊಟ್ಟ ಖಾಸಗಿ ದೂರಾಗಿದ್ದರೆ ದಾರಿ ಬೇರೆ ಇರಬಹುದು, ವಕೀಲರನ್ನು ಕೇಳಿ.

ಇನ್ನು ಗೆಲ್ಲುವ ಮಾತು. ಖುಲಾಸೆಯ ಮೇಲಿನ ಅಪೀಲು ಎದುರುಗಾಳಿಯ ಸೈಕಲ್ಲು. ಆರೋಪಿ ನಿರಪರಾಧಿ ಅಂತಲೇ ಕೋರ್ಟು ಶುರುಮಾಡುತ್ತದೆ. ಒಮ್ಮೆ ಖುಲಾಸೆಯಾದರೆ ಆ ನಂಬಿಕೆಗೆ ಇನ್ನೊಂದು ಗಂಟು ಬೀಳುತ್ತದೆ. ಅದೇ ಸಾಕ್ಷ್ಯವನ್ನು ಎರಡು ರೀತಿ ಓದಬಹುದು ಅನ್ನಿಸಿದರೆ ಮೇಲಿನ ಕೋರ್ಟು ಖುಲಾಸೆಗೆ ಕೈ ಹಾಕುವುದಿಲ್ಲ. ಅಂದರೆ ‘ಅವನೇ ಹೊಡೆದಿದ್ದು, ಊರಿಗೇ ಗೊತ್ತು’ ಅಂದರೆ ನಡೆಯುವುದಿಲ್ಲ. ಕೆಳಗಿನ ಕೋರ್ಟು ಎಲ್ಲಿ ಎಡವಿತು ಅಂತ ತೋರಿಸಬೇಕು.

ನಮ್ಮ ಕೇಸು ಬಿದ್ದದ್ದು ಒಂದು ಸಾಲಿನಿಂದ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದ ಚಿಕ್ಕಪ್ಪ ಪೊಲೀಸ್ ರಗಳೆ ಬೇಡ ಅಂತ ‘ಬಿದ್ದ’ ಅಂದುಬಿಟ್ಟಿದ್ದ. ಡಾಕ್ಟರು ಗಾಯದ ಬಗ್ಗೆ ಕೊಡುವ ವೂಂಡ್ ಸರ್ಟಿಫಿಕೇಟಿನಲ್ಲಿ ಅದೇ ಬರೆದಿತ್ತು. ಕೈಲಿದ್ದ ಕುಡುಗೋಲಿನ ಮೇಲೆ ಬಿದ್ದರೂ ಇಂಥ ಗಾಯ ಆಗಬಹುದಲ್ವಾ ಅಂತ ಪಾಟಿಸವಾಲಿನಲ್ಲಿ ಡಾಕ್ಟರನ್ನು ಕೇಳಿದರು. ‘ಆಗಬಹುದು’ ಅಂದರು. ಪೊಲೀಸರ ಮಹಜರಿಗೆ ಸಹಿ ಹಾಕಿದ ಪಂಚರಿಬ್ಬರು ಮೊದಲೇ ಹೋಸ್ಟೈಲ್, ಅಂದರೆ ಕೋರ್ಟಿನಲ್ಲಿ ತಿರುಗಿಬಿದ್ದಿದ್ದರು. ಮುಗೀತು ಕಥೆ.

ಅಪೀಲಿಗೆ ಹಿಡಿದ ವಕೀಲರು ತೀರ್ಪನ್ನು ಪಕ್ಕಕ್ಕಿಟ್ಟು ಅದೇ ಸರ್ಟಿಫಿಕೇಟು ನೋಡಿದರು. ಗಾಯ ಎರಡೂ ಮುಂಗೈಗಳ ಹೊರಮಗ್ಗುಲಲ್ಲಿ. ‘ಒಂದೇ ಸಲ ಬಿದ್ದವನಿಗೆ ಎರಡೂ ಕೈಗೆ ಕುಡುಗೋಲು ತಾಗೋದು ಹೇಗೆ? ಇದು ಏಟು ತಡೆಯೋಕೆ ಕೈ ಅಡ್ಡ ಹಿಡಿದವನ ಗಾಯ’ ಅಂದರು. ಜೊತೆಗೆ, ಗಾಯಗೊಂಡವನ ಸಾಕ್ಷಿಗೆ ತೂಕ ಜಾಸ್ತಿ, ಬಲವಾದ ಕಾರಣ ಇಲ್ಲದೆ ಅದನ್ನು ತಳ್ಳಿಹಾಕುವ ಹಾಗಿಲ್ಲ. ಕೊನೆಗೆ ಮೂವರಲ್ಲಿ ಕುಡುಗೋಲು ಹಿಡಿದವನೊಬ್ಬನಿಗೆ ಐಪಿಸಿ 324ರ (ಆಯುಧದಿಂದ ಗಾಯ ಮಾಡಿದ ಅಪರಾಧ) ಕೆಳಗೆ ಶಿಕ್ಷೆಯಾಯಿತು. ಉಳಿದಿಬ್ಬರ ಖುಲಾಸೆ ಹಾಗೇ ಉಳಿಯಿತು. ಅಪ್ಪನಿಗೆ ಅರ್ಧ ಸಮಾಧಾನ.

ಹಾಗಾಗಿ ನಾಳೆಯೇ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ತೀರ್ಪು, ಸಾಕ್ಷಿಗಳ ಹೇಳಿಕೆ, ವೂಂಡ್ ಸರ್ಟಿಫಿಕೇಟಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ. ವಕಾಲತ್ತಿಗೆ ಸಹಿ ನಿಮ್ಮಣ್ಣನದೇ ಇರಲಿ, ನೊಂದವರು ಅವರು. ಎಷ್ಟು ದಿನದೊಳಗೆ ಹಾಕಬೇಕು ಅನ್ನೋದರಲ್ಲಿ ವಕೀಲರಲ್ಲೇ ಎರಡು ಮಾತಿದೆ. 30 ದಿನದೊಳಗೆ ಹಾಕಿಬಿಟ್ಟರೆ ತಲೆಬಿಸಿಯೇ ಇಲ್ಲ, ಕಾಪಿ ಸಿಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ತಡವಾದರೆ ನಮ್ಮ ಹಾಗೆ ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ, ಅಫಿಡವಿಟ್ಟು, ಮತ್ತೆ ನಾಲ್ಕು ವಾಯಿದೆ. ಫೀಸಿಗೆ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, 15100ಕ್ಕೆ ಫೋನ್ ಮಾಡಿ.

ತೀರ್ಪು ಬಂದ ತಾರೀಕು ನೀವು ಬರೆದೇ ಇಲ್ಲ. ಅದನ್ನು ಮೊದಲು ನೋಡಿ.