ಗಣಿತದಲ್ಲಿ ಪಿಎಚ್‌ಡಿ ಮಾಡಿದವರಿಗೆ ಬಾಹ್ಯಾಕಾಶ ಎಂಜಿನಿಯರಿಂಗ್‌ನಲ್ಲಿ ಪೋಸ್ಟ್‌ಡಾಕ್ ಸಿಗುತ್ತದಾ?

ಸಿಗುತ್ತದೆ. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ. ನೀವು ಕುಂಬಳೆ ಊರಿನವರು, ಡಿಫರೆನ್ಷಿಯಲ್ ಇಕ್ವೇಶನ್ ಮೇಲಿನ ಥೀಸಿಸ್ ಮುಗಿಯುತ್ತಾ ಬಂದಿದೆ, ಎಂಜಿನಿಯರಿಂಗ್ ಡಿಗ್ರಿ ಇಲ್ಲ ಅಂತ ಬರೆದಿದ್ದೀರಿ. ನಾನೂ ಬದಿಯಡ್ಕ ಕಡೆಯವನು, ಗಣಿತದವನೇ. ಈಗ ಕಕ್ಷೆಗಳ ಲೆಕ್ಕದಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ.

ಸೂರ್ಯನ ಅಧ್ಯಯನಕ್ಕೆ ಇಸ್ರೋ ಕಳಿಸಿದ ಆದಿತ್ಯ-ಎಲ್1 ನೋಡಿ. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ಭೂಮಿ, ಸೂರ್ಯರ ನಡುವೆ ಎಲ್1 ಎಂಬ ಏನೂ ಇಲ್ಲದ ಒಂದು ಬಿಂದುವಿಗೆ ಸುತ್ತು ಹಾಕುತ್ತಿದೆ. ಒಂದು ಸುತ್ತಿಗೆ ಸುಮಾರು 178 ದಿನ. ಹ್ಯಾಲೋ ಕಕ್ಷೆ ಅನ್ನುವ ಆ ದಾರಿಗೆ ಸಿದ್ಧ ಸೂತ್ರ ಇಲ್ಲ. ಅಂದಾಜಿನಿಂದ ಶುರು ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ ತಿದ್ದಿ ಹಿಡಿಯಬೇಕು. ಹಿಡಿದ ಮೇಲೂ ಅದು ಅಸ್ಥಿರ, ಸಣ್ಣ ತಪ್ಪು ಬೆಳೆಯುತ್ತಾ ಹೋಗುತ್ತದೆ. ಥ್ರಸ್ಟರ್ ಯಾವಾಗ ಉರಿಸಬೇಕು, ಎಷ್ಟು ಉರಿಸಬೇಕು ಅನ್ನುವುದೆಲ್ಲ ಮಾಡೆಲಿಂಗ್. ಬಾಹ್ಯಾಕಾಶದ ಕಸ, ಟ್ಯಾಂಕಿನೊಳಗೆ ಇಂಧನ ತುಳುಕುವುದು, ಇವೂ ನಿಮ್ಮಂಥವರ ಕೆಲಸವೇ.

ನಮ್ಮಲ್ಲಿ ಮೊದಲು ನೋಡಬೇಕಾದ್ದು ಕೇಂದ್ರ ಸರಕಾರದ ಸಂಶೋಧನಾ ನಿಧಿ ಸಂಸ್ಥೆ ಎಎನ್‌ಆರ್‌ಎಫ್‌ನ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಎರಡು ವರ್ಷದ್ದು. ವಯಸ್ಸಿನ ಮಿತಿ 35, ಮಹಿಳೆಯರಿಗೆ ಮತ್ತು ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಮಾರ್ಗದರ್ಶಕರನ್ನು ನೀವೇ ಹುಡುಕಿಕೊಳ್ಳಬೇಕು. ತಿರುವನಂತಪುರದ ಬಳಿ ವಲಿಯಮಲದಲ್ಲಿರುವ ಬಾಹ್ಯಾಕಾಶ ವಿಜ್ಞಾನ, ತಂತ್ರಜ್ಞಾನದ ಸಂಸ್ಥೆ ಐಐಎಸ್‌ಟಿ, ಬೆಂಗಳೂರಿನ ಐಐಎಸ್‌ಸಿ ಎರಡರಲ್ಲೂ ಹುಡುಕಿ. ತಿರುವನಂತಪುರ ದೂರ ಅನ್ನಬೇಡಿ, ಕಾಸರಗೋಡಿನಲ್ಲಿ ವಂದೇ ಭಾರತ್ ಹತ್ತಿದರೆ ಸುಮಾರು ಎಂಟು ಗಂಟೆ.

ಹೊರಗೆ ಹೋಗುವುದಾದರೆ ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ ನನ್ನ ಮೊದಲ ಆಯ್ಕೆ. ಅರ್ಜಿಯ ಕೊನೇ ದಿನದ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಊರಲ್ಲೇ ಕೂತವರಿಗೆ ಅದೊಂದು ಅಡ್ಡಿಯೇ ಅಲ್ಲ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎಯ ಫೆಲೋಶಿಪ್ ಮಾತ್ರ ಮುಖ್ಯವಾಗಿ ಸದಸ್ಯ ದೇಶದವರಿಗೆ, ಸುಮ್ನೆ ಸಮಯ ಹಾಳು. ಅಮೆರಿಕದಲ್ಲಿ ಉಪಗ್ರಹ ತಂತ್ರಜ್ಞಾನದ ಕೆಲವು ಭಾಗಕ್ಕೆ ಐಟಾರ್ ಎಂಬ ರಫ್ತು ನಿಯಮ ಇದೆ, ವಿದೇಶಿಯರಿಗೆ ಮಾಹಿತಿ ಕೊಡುವುದೂ ಅದರ ಪ್ರಕಾರ ರಫ್ತೇ. ಯೂನಿವರ್ಸಿಟಿಯ ಮುಕ್ತ ಸಂಶೋಧನೆಗೆ ಅಷ್ಟು ತೊಂದರೆ ಇಲ್ಲ, ಕಂಪನಿಗಳ ಬಾಗಿಲು ನಮಗೆ ಹೆಚ್ಚುಕಡಿಮೆ ಮುಚ್ಚಿದ ಹಾಗೆ.

ಪ್ರೊಫೆಸರಿಗೆ ಮೇಲ್ ಬರೆಯುವಾಗ ‘ನನಗೆ ಬಹಳ ಆಸಕ್ತಿ ಇದೆ’ ಎಂಬ ಪ್ಯಾರಾ ಬಿಡಿ. ಭೂಮಿ–ಚಂದ್ರ ವ್ಯವಸ್ಥೆಯ ಒಂದು ಹ್ಯಾಲೋ ಕಕ್ಷೆಯನ್ನು ಪೈಥಾನ್‌ನಲ್ಲಿ ನೀವೇ ಲೆಕ್ಕ ಹಾಕಿ. ಲೆಕ್ಕ ಸರಿಯಿದ್ದರೆ ಕಕ್ಷೆಯುದ್ದಕ್ಕೂ ಬದಲಾಗಬಾರದ ಸಂಖ್ಯೆ ಜಕೋಬಿ ಸ್ಥಿರಾಂಕ, ಅದು ಎಷ್ಟನೇ ದಶಮಾಂಶದಲ್ಲಿ ಅಲುಗುತ್ತದೆ ಅಂತ ಗ್ರಾಫ್ ಎಳೆಯಿರಿ. ಆ ಗ್ರಾಫ್, ಕೋಡಿನ ಲಿಂಕ್, ಅವರ ಒಂದು ಪೇಪರಿನ ಬಗ್ಗೆ ಒಂದು ಪ್ರಶ್ನೆ, ಇಷ್ಟು ಸಾಕು. ಎಂಜಿನಿಯರಿಂಗ್ ಡಿಗ್ರಿ ಇದೆಯಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಕೋಡ್ ಓಡುತ್ತದಾ ಅಂತ ಕೇಳಿದರು.

ಇನ್ನೊಂದು ನಮ್ಮ ಗಡಿನಾಡಿನವರಿಗೇ ಇರುವ ತಲೆನೋವು. ಎಸ್ಸೆಸ್ಸೆಲ್ಸಿ ಕೇರಳದ್ದು, ಡಿಗ್ರಿ ಮಂಗಳೂರಿನದ್ದು, ಅಲ್ವಾ? ವಿದೇಶದಲ್ಲಿ ದಾಖಲೆ ಒಪ್ಪಿಕೊಳ್ಳಲು ಬೇಕಾದ ಸರಕಾರಿ ಮುದ್ರೆ, ಅಂದರೆ ಅಪೋಸ್ಟಿಲ್, ಕೇಳಿದರೆ ದೃಢೀಕರಣಕ್ಕೆ ಎರಡು ರಾಜ್ಯಕ್ಕೂ ಓಡಬೇಕಾಗಬಹುದು. ಎರಡರಲ್ಲೂ ಹೆಸರಿನ ಸ್ಪೆಲ್ಲಿಂಗ್, ಇನಿಶಿಯಲ್ ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.