ಮಿರ್ಚಿಗೆ ವಾಸನೆ ಇದೆ, ಸಾಫ್ಟ್‌ವೇರ್‌ಗೆ ಇಲ್ಲ

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: ‘ಗೆಳೆಯರು ಮೂವರು ಸೇರಿ ಭತ್ತದ ದಲ್ಲಾಳಿ ಅಂಗಡಿಗಳ ಲೆಕ್ಕಕ್ಕೆ ಕನ್ನಡದಲ್ಲೇ ಒಂದು ಮುಕ್ತ ತಂತ್ರಾಂಶ ಮಾಡಿದ್ದೇವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಎಂಟು ತಿಂಗಳಾಯಿತು, ಬಳಸುವವರು ನಾಲ್ಕೇ ಅಂಗಡಿಯವರು. ನಮ್ಮ ಡೋಲು ನಾವೇ ಬಾರಿಸಬೇಕೇ? ಮಿರ್ಚಿ ರುಚಿಯಾಗಿದ್ದರೆ ಗಿರಾಕಿಗಳು ತಾವಾಗೇ ಬರೋದಿಲ್ವಾ?’

ಬರುತ್ತಾರೆ, ನಿಜ. ಸುಳ್ಳು ಜಾಹೀರಾತು ಕಂಡರೆ ನನಗೂ ಆಗುವುದಿಲ್ಲ. ಆದರೆ ಸಂಜೆ ಬಂಡಿಯವನು ಮಿರ್ಚಿ ಎಣ್ಣೆಗೆ ಬಿಟ್ಟರೆ ಅರ್ಧ ಓಣಿಗೆ ಸುದ್ದಿ ಮುಟ್ಟುತ್ತದೆ. ನಿಮ್ಮ ಸಾಫ್ಟ್‌ವೇರ್‌ಗೆ ಯಾವ ವಾಸನೆ ಇದೆ? ದುಡ್ಡಿಗೆ ಮಾರುವ ಸಾಫ್ಟ್‌ವೇರ್‌ಗೆ ಏಜೆಂಟ್ ಇರುತ್ತಾನೆ. ಕಮಿಷನ್ ಆಸೆಗೆ ರಾಯಚೂರಿನ ಬಿಸಿಲಲ್ಲೂ ತಿರುಗುತ್ತಾನೆ. ನಿಮ್ಮದಕ್ಕೆ ಯಾರು ತಿರುಗಬೇಕು?

ಇಂಟರ್ನೆಟ್ ನೋಡುವ ಮುಕ್ತ ತಂತ್ರಾಂಶ ಫೈರ್‌ಫಾಕ್ಸ್ ಕಥೆ ಕೇಳಿ. 2004ರ ನವೆಂಬರ್ 9ಕ್ಕೆ ಅದರ 1.0 ಆವೃತ್ತಿ ಬಂತು. ಎದುರಾಳಿ, ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್, ವಿಂಡೋಸ್ ಜೊತೆಗೇ ಮನೆ ಸೇರುತ್ತಿತ್ತು. ಫೈರ್‌ಫಾಕ್ಸ್ ಬಳಸುವವರು ಕೈಯಿಂದ ಹಣ ಹಾಕಿದರು. ಡಿಸೆಂಬರ್ 16ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು! ಅದರಲ್ಲಿ ಸುಮಾರು 10,000 ದಾನಿಗಳ ಹೆಸರು, ಇರುವೆ ಸಾಲಿನ ಹಾಗೆ. ನಮ್ಮ ಗುಡಿಗಳ ಕಲ್ಲಿನ ಮೇಲೆ ದೇಣಿಗೆ ಕೊಟ್ಟವರ ಹೆಸರು ಕೆತ್ತುವುದಿಲ್ವಾ, ಹಾಗೆ. ಆ ಡೋಲು ಬಾರಿಸಿದವರು ಬಳಸುವವರೇ.

‘ಪೂರ್ತಿ ಸರಿಯಾದ ಮೇಲೆ ಹೇಳ್ತೇವೆ’ ಎಂದೂ ಬರೆದಿದ್ದೀರಿ. 1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಲಿನಕ್ಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ವಿಷಯ ಹೇಳಿದಾಗ ಅದು ಇನ್ನೂ ಅರೆಬೆಂದದ್ದು. ಸುಮ್ನೆ ಹವ್ಯಾಸ ಎಂದರು, ನಿಮಗೇನು ಬೇಕು ಹೇಳಿ ಎಂದು ಕೇಳಿದರು. ನೀವು ಆ ನಾಲ್ಕು ಅಂಗಡಿಯ ಗುಮಾಸ್ತರನ್ನು ಕೇಳಿದ್ದೀರಾ?

ಇನ್ನೊಂದು ಮಾತು. ಅಂಗಡಿಗೆ ಹೋಗಿ ‘ಪುಕ್ಕಟೆ’ ಎನ್ನಬೇಡಿ. ಸಾಹುಕಾರರಿಗೆ ತಕ್ಷಣ ಅನುಮಾನ: ನನ್ನ ಲೆಕ್ಕ ಯಾರ ಕೈಗೆ ಹೋಗುತ್ತೋ! ಇಂಗ್ಲಿಷಿನವರಿಗೆ ‘ಫ್ರೀ’ ಅನ್ನೋ ಒಂದೇ ಪದ, ಅದನ್ನು ಬಿಡಿಸಿ ಹೇಳುವುದರಲ್ಲೇ ಮುಕ್ತ ತಂತ್ರಾಂಶ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್‌ಗೆ ಸಾಕಾಗಿದೆ. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಲೆಕ್ಕ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತೆ, ನಾಳೆ ನಾವಿಲ್ಲದಿದ್ದರೂ ಬೇರೆಯವರು ರಿಪೇರಿ ಮಾಡಬಹುದು ಎನ್ನಿ. ಆಮೇಲೆ ಮಾತು ಬಿಟ್ಟು ಅವರ ಎದುರೇ ಒಬ್ಬ ರೈತರ ಮಾರಾಟದ ಲೆಕ್ಕದ ಪಟ್ಟಿ ಮಾಡಿ ತೋರಿಸಿ.

ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಚಂದಾದಾರರ ಪಟ್ಟಿ ಆರು ವರ್ಷದಿಂದ ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶದಲ್ಲಿದೆ. ಈ ಪುಟದಲ್ಲಿ ಒಂದು ಸಾಲು ಬರೆದೆನಾ? ಇಲ್ಲ. ಮದುವೆ ವಿಡಿಯೋ ನೋಡುವ ಕಿತ್ತಳೆ ಟೋಪಿಯ ವಿಎಲ್‌ಸಿ ಪ್ಯಾರಿಸ್‌ನ ವಿದ್ಯಾರ್ಥಿಗಳು ಶುರು ಮಾಡಿದ ಮುಕ್ತ ತಂತ್ರಾಂಶ ಅಂತ ಎಷ್ಟು ಜನಕ್ಕೆ ಗೊತ್ತು? ಕದ್ದ ಕಾಪಿ ಹಾಕಿಸಲು ಮುನ್ನೂರು ರೂಪಾಯಿ ಕೊಡುತ್ತೇವೆ, ಮುಕ್ತವಾದದ್ದಕ್ಕೆ ಒಂದು ಒಳ್ಳೆ ಮಾತೂ ಜಾಸ್ತಿ. ಎಲ್ಲ ಕಂಪ್ಯೂಟರ್‌ನಲ್ಲೂ ಕನ್ನಡ ಕನ್ನಡವಾಗೇ ಕಾಣಿಸುವ ಯೂನಿಕೋಡ್ ಎಂಬ ಅಕ್ಷರ ವ್ಯವಸ್ಥೆ ಬಂದು ಇಷ್ಟು ವರ್ಷವಾದರೂ ಲೇಖಕರು ಹಳೆ ಫಾಂಟಿನಲ್ಲೇ ಕಳಿಸುತ್ತಾರೆ. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ!

ಮುಂದಿನ ಸಂಚಿಕೆಯಲ್ಲಿ ನಿಮಗೆ ಕಾಲು ಪುಟ ಇಟ್ಟಿದ್ದೇನೆ, ಬಳಸುವ ಗುಮಾಸ್ತರೊಬ್ಬರಿಂದಲೇ ಬರೆಸಿ ಕಳಿಸಿ. ಯೂನಿಕೋಡ್‌ನಲ್ಲಿ. ನಿಮ್ಮ ಈ ಪತ್ರವೂ ಹಳೆ ಫಾಂಟಿನಲ್ಲೇ ಬಂದಿತ್ತು ಸ್ವಾಮಿ.